ದೊಡ್ಡ ಕರುಳಿನ ಕ್ಯಾನ್ಸರ್: ಕೊಲೊನೊಸ್ಕೋಪಿಗೆ ಮೊದಲು ಯಾವ ಪರೀಕ್ಷೆ?



ಅನೇಕ ಬಗೆಯ ಕ್ಯಾನ್ಸರ್‌ಗಳು ನಮ್ಮ ಅರಿವಿಗೆ ಬರುವ ಮೊದಲೇ ದೇಹದಲ್ಲಿ ಬೇರೂರಿರುತ್ತವೆ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ನಮಗೆ ಸಾಕಷ್ಟು ಕಾಲಾವಕಾಶ ಕೊಡುವ ರೋಗ. ಕರುಳಿನ ಒಳಪೊರೆಯಲ್ಲಿ ಮೊದಲು 'ಪಾಲಿಪ್' ಎಂಬ ಸಣ್ಣ ಗಂಟು ಮೂಡುತ್ತದೆ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗತಕ್ಕವು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಸಮಯ ತೆಗೆದುಕೊಳ್ಳುತ್ತವೆ. ಈ ಅವಧಿಯಲ್ಲಿ ಪಾಲಿಪನ್ನು ಗುರುತಿಸಿ ತೆಗೆದುಹಾಕಿದರೆ ರೋಗವನ್ನೇ ತಡೆಯಬಹುದು.

ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಈ ರೋಗದ ಪ್ರಮಾಣ ಕಡಿಮೆ. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 70 ಸಾವಿರ ಜನರಲ್ಲಿ ದೊಡ್ಡ ಕರುಳು ಹಾಗೂ ಗುದನಾಳದ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿದೆ. ಕೇಂದ್ರ ಸರ್ಕಾರದ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆ ನಡೆಯುತ್ತದೆ. ಕರುಳಿನ ಕ್ಯಾನ್ಸರ್ ಈ ಪಟ್ಟಿಯಲ್ಲಿಲ್ಲ. ಆದ್ದರಿಂದ ಈ ತಪಾಸಣೆಗೆ ಬನ್ನಿರೆಂದು ನಮ್ಮನ್ನು ಯಾರೂ ಕರೆಯುವುದಿಲ್ಲ. ನಾವಾಗಿಯೇ ವೈದ್ಯರನ್ನು ಕೇಳಬೇಕಾಗುತ್ತದೆ.

ಕೇಳಲು ಹಿಂಜರಿಯುವುದಕ್ಕೆ ಕಾರಣ ಬಹುಮಟ್ಟಿಗೆ ಕೊಲೊನೊಸ್ಕೋಪಿಯ ಭಯ. ಹಿಂದಿನ ದಿನವೇ ಭೇದಿ ಔಷಧಿ ಕುಡಿದು ಕರುಳನ್ನು ಬರಿದು ಮಾಡಿಕೊಳ್ಳಬೇಕು. ಅನಂತರ ತುದಿಯಲ್ಲಿ ಕ್ಯಾಮೆರಾ ಇರುವ ಉದ್ದನೆಯ ಬಳುಕುವ ಕೊಳವೆಯನ್ನು ಗುದದ್ವಾರದ ಮೂಲಕ ಒಳಗೆ ಸಾಗಿಸುತ್ತಾರೆ. ಸಾಮಾನ್ಯವಾಗಿ ಮಂಪರು ಬರಿಸುವ ಔಷಧಿ ಕೊಡುವುದರಿಂದ ಮನೆಗೆ ಕರೆದೊಯ್ಯಲು ಜೊತೆಗೊಬ್ಬರು ಬೇಕು. ಉದ್ಯೋಗ ನಿಮಿತ್ತ ಊರು ಬಿಟ್ಟು ಬಂದು ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅದರಲ್ಲೂ ನಿತ್ಯದ ದುಡಿಮೆಯನ್ನೇ ನಂಬಿದ ಹೋಟೆಲು ಕೆಲಸಗಾರರಿಗೆ, ಎರಡು ದಿನದ ಬಿಡುವೂ ಕಷ್ಟ, ಜೊತೆಗಾರರೂ ಕಷ್ಟ. ಸಂಕೋಚವಂತೂ ಎಲ್ಲರಿಗೂ ಇದ್ದದ್ದೇ. ಹಾಗಾದರೆ ಬೇರೆ ದಾರಿಯಿಲ್ಲವೇ? ಇದೆ.

ಅವುಗಳಲ್ಲಿ ಸುಲಭವಾದದ್ದು ಮಲ ಪರೀಕ್ಷೆ. ಕ್ಯಾನ್ಸರ್ ಮತ್ತು ದೊಡ್ಡ ಪಾಲಿಪ್‌ಗಳಿಂದ ಕಣ್ಣಿಗೆ ಕಾಣದಷ್ಟು ರಕ್ತ ಆಗಾಗ ಜಿನುಗುತ್ತಿರುತ್ತದೆ. ಹಳೆಯ 'ಗ್ವಾಯಕ್' ವಿಧಾನವೂ ಇದನ್ನು ಪತ್ತೆ ಹಚ್ಚುತ್ತದೆ; ಆದರೆ ಮಾಂಸಾಹಾರ, ಕೆಲವು ತರಕಾರಿಗಳು, 'ಸಿ' ಜೀವಸತ್ವದ ಮಾತ್ರೆ ಇವೆಲ್ಲ ಅದರ ಫಲಿತಾಂಶವನ್ನು ಕೆಡಿಸಬಲ್ಲವು. 'ಫಿಟ್' ಎಂದು ಕರೆಯಲಾಗುವ ಹೊಸ ವಿಧಾನದಲ್ಲಿ ಮನುಷ್ಯರ ಹಿಮೋಗ್ಲೋಬಿನ್‌ಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬಳಸುತ್ತಾರೆ. ಇದಕ್ಕೆ ಪಥ್ಯ ಬೇಡ, ಭೇದಿ ಔಷಧಿ ಬೇಡ, ರಜೆಯೂ ಬೇಡ. ಮನೆಯಲ್ಲಿಯೇ ಕಡ್ಡಿಯ ತುದಿಯಲ್ಲಿ ಸ್ವಲ್ಪ ಮಲವನ್ನು ತೆಗೆದು ಪುಟ್ಟ ಶೀಶೆಗೆ ಹಾಕಿ ಪ್ರಯೋಗಾಲಯಕ್ಕೆ ತಲುಪಿಸಿದರಾಯಿತು. ಜಪಾನ್ 1992ರಿಂದ ಈ ಬಗೆಯ ಪರೀಕ್ಷೆಯನ್ನೇ ರಾಷ್ಟ್ರವ್ಯಾಪಿ ತಪಾಸಣೆಗೆ ಬಳಸುತ್ತಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಪ್ರಯೋಗಾಲಯದಲ್ಲಿ ಮಾಡುವುದು ಗ್ವಾಯಕ್ ಪರೀಕ್ಷೆಯೋ ಫಿಟ್ ಪರೀಕ್ಷೆಯೋ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಎರಡನೆಯದಾಗಿ, ಬಿಸಿಯಲ್ಲಿ ಹಿಮೋಗ್ಲೋಬಿನ್ ಕೆಡುತ್ತದೆ. ಆಗ ರಕ್ತವಿದ್ದರೂ ಇಲ್ಲವೆಂಬ ವರದಿ ಬರಬಹುದು. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಅಹಮದಾಬಾದಿನಂಥ ಊರಿನಲ್ಲಿ ಶೀಶೆಯನ್ನು ತಂಪಾದ ಜಾಗದಲ್ಲಿಟ್ಟು, ತಡಮಾಡದೆ ತಲುಪಿಸುವುದು ಲೇಸು.

ಇಷ್ಟು ಸರಳವಾದ ಪರೀಕ್ಷೆ ನಂಬಲರ್ಹವೇ ಎಂಬ ಸಂದೇಹ ಸಹಜ. ಅಮೆರಿಕದಲ್ಲಿ ಸುಮಾರು ಹತ್ತು ಸಾವಿರ ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಸಲದ ಫಿಟ್ ಪರೀಕ್ಷೆ ನೂರು ಕ್ಯಾನ್ಸರ್‌ಗಳಲ್ಲಿ ಸುಮಾರು 74ನ್ನು ಗುರುತಿಸಿತು. ಉಳಿದವು ಕಣ್ತಪ್ಪಿದವು. ಆದ್ದರಿಂದಲೇ ಇದನ್ನು ವರ್ಷಕ್ಕೊಮ್ಮೆ ಅಥವಾ ಎರಡು ವರ್ಷಕ್ಕೊಮ್ಮೆ ತಪ್ಪದೆ ಮಾಡಿಸಬೇಕು. ಸ್ಪೇನ್ ದೇಶದಲ್ಲಿ 57 ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಒಮ್ಮೆ ಕೊಲೊನೊಸ್ಕೋಪಿಗೂ ಇನ್ನೊಂದಕ್ಕೆ ಎರಡು ವರ್ಷಕ್ಕೊಮ್ಮೆ ಫಿಟ್ ಪರೀಕ್ಷೆಗೂ ಆಹ್ವಾನ ನೀಡಲಾಯಿತು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹತ್ತು ವರ್ಷಗಳಲ್ಲಿ ಈ ರೋಗದಿಂದಾದ ಸಾವು ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಸಮನಾಗಿತ್ತು. ಕೊಲೊನೊಸ್ಕೋಪಿಯ ಆಹ್ವಾನಕ್ಕೆ ಓಗೊಟ್ಟವರು ನೂರಕ್ಕೆ ಸುಮಾರು 32. ಮಲ ಪರೀಕ್ಷೆಗೆ ಸುಮಾರು 40. ಎಷ್ಟೇ ಉತ್ತಮ ಪರೀಕ್ಷೆಯಾದರೂ ಮಾಡಿಸಿಕೊಂಡರೆ ಮಾತ್ರ ಅದರಿಂದ ಪ್ರಯೋಜನ.

ಬೇರೆ ವಿಧಾನಗಳೂ ಉಂಟು. ಸಿಗ್ಮಾಯ್ಡೊಸ್ಕೋಪಿಯಲ್ಲಿ ಗಿಡ್ಡ ಕೊಳವೆಯಿಂದ ಕರುಳಿನ ಕೆಳಭಾಗವನ್ನಷ್ಟೇ ನೋಡುತ್ತಾರೆ. ಮೇಲಿನ ಭಾಗದ ಗಂಟುಗಳು ಕಾಣುವುದಿಲ್ಲ. ಸಿ.ಟಿ. ಸ್ಕ್ಯಾನ್ ಮೂಲಕ ಇಡೀ ದೊಡ್ಡ ಕರುಳಿನ ಚಿತ್ರ ಪಡೆಯಬಹುದು; ಸಾಮಾನ್ಯವಾಗಿ ಮಂಪರು ಔಷಧಿ ಬೇಡವಾದರೂ ಕರುಳನ್ನು ಶುಚಿಗೊಳಿಸುವ ಕಷ್ಟ ತಪ್ಪದು. ಮಲದಲ್ಲಿನ ಡಿ.ಎನ್.ಎ. ಪರೀಕ್ಷೆಗೆ ಅಮೆರಿಕದಲ್ಲಿ 2014ರಲ್ಲಿಯೂ, ತಪಾಸಣೆಯ ಒಂದು ರಕ್ತ ಪರೀಕ್ಷೆಗೆ 2024ರಲ್ಲಿಯೂ ಮನ್ನಣೆ ದೊರೆತಿದೆ. ಆದರೆ ಈ ರಕ್ತ ಪರೀಕ್ಷೆ ಕ್ಯಾನ್ಸರ್ ಆಗುವ ಹಂತದಲ್ಲಿರುವ ಪಾಲಿಪ್‌ಗಳಲ್ಲಿ ನೂರಕ್ಕೆ ಸುಮಾರು 13ನ್ನು ಮಾತ್ರ ಗುರುತಿಸಬಲ್ಲದು.

ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಒಂದು ನಿಯಮವನ್ನು ಮರೆಯಲಾಗದು. ಪರೀಕ್ಷೆಯಲ್ಲಿ ದೋಷ ಕಂಡುಬಂದರೆ ಕೊಲೊನೊಸ್ಕೋಪಿ ಮಾಡಿಸಲೇಬೇಕು. ಮಲದಲ್ಲಿ ರಕ್ತವಿದೆಯೆಂದ ಮಾತ್ರಕ್ಕೆ ಕ್ಯಾನ್ಸರ್ ಎಂದು ಹೆದರಬೇಕಿಲ್ಲ. ಹಾಗೆಂದು 'ಇನ್ನೊಮ್ಮೆ ಮಾಡಿಸಿ ನೋಡೋಣ' ಎಂದು ಮುಂದೂಡುವುದೂ ಸಲ್ಲದು. ಗಂಟನ್ನು ನೋಡಿ, ಅಲ್ಲಿಯೇ ತೆಗೆಯುವ ಸಾಮರ್ಥ್ಯವಿರುವುದು ಕೊಲೊನೊಸ್ಕೋಪಿಗೆ. ಇತರ ಪರೀಕ್ಷೆಗಳಿಂದ ಅದು ಯಾರಿಗೆ ಅಗತ್ಯ ಎಂಬುದು ತಿಳಿಯುತ್ತದೆ.

ಮಲದಲ್ಲಿ ಕಣ್ಣಿಗೇ ರಕ್ತ ಕಾಣುತ್ತಿರುವವರು, ಮಲವಿಸರ್ಜನೆಯ ಅಭ್ಯಾಸ ವಾರಗಟ್ಟಲೆ ಬದಲಾಗಿರುವವರು, ಕಾರಣ ತಿಳಿಯದೆ ತೂಕ ಇಳಿದವರು ಅಥವಾ ರಕ್ತಹೀನತೆಗೆ ಒಳಗಾದವರು ಇಂಥ ತಪಾಸಣೆಯ ಮೇಲೆ ಅವಲಂಬಿಸದೆ ನೇರವಾಗಿ ವೈದ್ಯರ ಬಳಿಗೆ ಹೋಗಬೇಕು. ರಕ್ತ ಕಂಡಾಗ ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ, ಅಂಗಡಿಯ ಔಷಧಿಯಲ್ಲಿ ತಿಂಗಳುಗಳನ್ನು ಕಳೆಯುವುದು ಅಪಾಯಕರ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಈ ರೋಗವಿದ್ದರೆ ಸಾಮಾನ್ಯರಿಗಿಂತ ಬೇಗನೆ, ಅಂದರೆ 40ರ ವಯಸ್ಸಿಗೆ ಅಥವಾ ಅದಕ್ಕೂ ಮೊದಲು, ವೈದ್ಯರ ಸಲಹೆ ಪಡೆಯಬೇಕು. ಇತರರ ವಿಷಯದಲ್ಲಿ, ಅಮೆರಿಕದ ತಜ್ಞರ ಸಮಿತಿಯು ತಪಾಸಣೆ ಆರಂಭಿಸುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದೆ. ನಮ್ಮಲ್ಲಿ 45 ದಾಟಿದವರು ವೈದ್ಯರೊಡನೆ ಈ ವಿಷಯವನ್ನು ಪ್ರಸ್ತಾಪಿಸುವುದು ಉಚಿತ.

ಸಲಹೆಗಾಗಿ ದೂರ ಹೋಗಬೇಕಿಲ್ಲ. ಅಹಮದಾಬಾದಿನ ಸಿವಿಲ್ ಆಸ್ಪತ್ರೆಯ ಆವರಣದಲ್ಲಿ, 1972ರಲ್ಲಿ ಸ್ಥಾಪಿತವಾದ ಗುಜರಾತ್ ಕ್ಯಾನ್ಸರ್ ಮತ್ತು ಸಂಶೋಧನಾ ಸಂಸ್ಥೆಯಿದೆ. ವಡೋದರಾದಲ್ಲಿ ಸಯಾಜಿ ಆಸ್ಪತ್ರೆ, ಸೂರತ್‌ನಲ್ಲಿ ಹೊಸ ಸಿವಿಲ್ ಆಸ್ಪತ್ರೆ ಸರ್ಕಾರದ ದೊಡ್ಡ ಆಸ್ಪತ್ರೆಗಳು. ಗುಜರಾತಿಯಲ್ಲಿ ವಿವರಿಸಲು ತೊಡಕಾದರೆ ಭಾಷೆ ಬಲ್ಲ ಮಿತ್ರರನ್ನೋ ಮಕ್ಕಳನ್ನೋ ಜೊತೆಗೆ ಕರೆದೊಯ್ಯಿರಿ. ಮಲದ ವಿಷಯ ಮಾತನಾಡುವುದು ಹೇಗೆಂಬ ನಾಚಿಕೆ ಬೇಡ. ವೈದ್ಯರಿಗೆ ಅದು ನಿತ್ಯದ ಮಾತು. ಮನೆಯ ಹಿರಿಯರೊಡನೆ ಈ ವಾರವೇ ಕುಳಿತು ಈ ವಿಷಯ ಮಾತನಾಡಿರಿ, ಮುಂದಿನ ವಾರ ವೈದ್ಯರನ್ನು ಕಾಣಿರಿ.