ಸುಣ್ಣ ಕಡಲಿನದು, ಕಸುಬು ಬಳಚಿನದು



ಇವತ್ತು ಜೇಬಿನಲ್ಲಿ ಎರಡು ವಸ್ತು ತಂದಿದ್ದೇನೆ: ಅಘನಾಶಿನಿ ಅಳಿವೆಯ ಬಳಚಿನ ಚಿಪ್ಪು, ಒಂದು ನಿಂಬೆಹಣ್ಣು. ಚಿಪ್ಪಿನ ಒಳಮೈ ಮೇಲೆ ನಾಲ್ಕು ಹನಿ ಹಿಂಡುತ್ತೇನೆ. ಮುಂದಿನ ಸಾಲಿನವರಿಗೆ ಸಣ್ಣ ಗುಳ್ಳೆಗಳು ಏಳುವುದು ಕಂಡೀತು. ಎಲೆಯಡಿಕೆಯ ಸುಣ್ಣಕ್ಕೆ ಕರಾವಳಿಯಲ್ಲಿ ಸುಡುತ್ತಿದ್ದುದು ಇಂಥ ಚಿಪ್ಪನ್ನೇ. ಇದು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲೂ ಅದೇ, ಅಮೃತಶಿಲೆಯೂ ಅದೇ. ಹಾಗಾದರೆ ಬಂಡೆಯಲ್ಲಿ ಇಲ್ಲದ್ದು ಚಿಪ್ಪಿನಲ್ಲಿ ಏನಿದೆ?

ಬಳಚಿನ ಮೆದು ಮೈಯನ್ನು ಮ್ಯಾಂಟಲ್ ಎಂಬ ತೆಳುಪೊರೆ ಹೊದ್ದಿದೆ. ಚಿಪ್ಪಿನ ಮೇಸ್ತ್ರಿ ಅದೇ. ಅದು ಮೊದಲು ಅಂಚಿನಲ್ಲಿ ಪ್ರೋಟೀನಿನ ಹೊರಸಿಪ್ಪೆಯೊಂದನ್ನು ಹಾಸುತ್ತದೆ. ಸಿಪ್ಪೆಗೂ ಪೊರೆಗೂ ನಡುವೆ, ಕಡಲ ನೀರು ನೇರವಾಗಿ ನುಗ್ಗದಂಥ ಇಕ್ಕಟ್ಟಾದ ಜಾಗ ಉಳಿಯುತ್ತದೆ. ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಅಲ್ಲಿ ಸೇರಿ ಹರಳುಗಟ್ಟುತ್ತವೆ. ಹಳೆಯ ಚಿಪ್ಪನ್ನು ಬಳಚು ಕಳಚುವುದಿಲ್ಲ, ಅಂಚಿಗೆ ಅಂಚು ಸೇರಿಸುತ್ತ ಹೋಗುತ್ತದೆ. ಬುಡದ ಗುಬುಟು ಅದರ ಬಾಲ್ಯ. ಬೆರಳಾಡಿಸಿದರೆ ಸಿಗುವ ಗೆರೆಗಳು ಅದರ ದಿನಚರಿ.

ಕಸುಬಿನ ಪರಮಾವಧಿ ಕಾಣುವುದು ಮುತ್ತಿನ ಚಿಪ್ಪಿನ ಒಳಮೈಯಲ್ಲಿ. ಅದರ ಸುಮಾರು 95 ಪಾಲು ಅರಗೊನೈಟ್ ಎಂಬ ಖನಿಜ, ಉಳಿದ 5 ಪಾಲು ಪ್ರೋಟೀನ್ ಮತ್ತು ಕೈಟಿನ್. ಅರ್ಧ ಮೈಕ್ರೋಮೀಟರಿನಷ್ಟು ದಪ್ಪದ ಬಿಲ್ಲೆಗಳು ಇಟ್ಟಿಗೆಯಂತೆ ಕೂತಿವೆ. ನಡುವೆ ಆ 5 ಪಾಲಿನ ಗಾರೆ. ಬಿರುಕು ಬಿಟ್ಟರೆ ಅದು ನೆಟ್ಟಗೆ ಓಡಲಾರದು. ಪ್ರತಿ ಬಿಲ್ಲೆಯನ್ನೂ ಬಳಸಿ, ಗಾರೆಯನ್ನು ಎಳೆದೆಳೆದು, ಸೋತು ನಿಲ್ಲುತ್ತದೆ. ಬರಿಯ ಖನಿಜ ಇಷ್ಟು ತಡೆಯುವುದಿಲ್ಲ. ಚಿಪ್ಪಿನ ಕಾಮನಬಿಲ್ಲಿನ ಹೊಳಪೂ ಈ ಪದರಗಳದೇ. 1935ರಲ್ಲಿ ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ ಅದರ ಮೇಲೆ ಪ್ರಬಂಧ ಬರೆದರು.

ಕಡಲಮುಳ್ಳು (ಸೀ ಅರ್ಚಿನ್) ಎಂಬ ಪ್ರಾಣಿಯ ಮರಿಯದು ಇನ್ನೊಂದು ಜಾಣ್ಮೆ. ಅದು ನೇರವಾಗಿ ಹರಳು ಬೆಳೆಸುವುದಿಲ್ಲ. ಮೊದಲು ಆಕಾರವಿಲ್ಲದ ಸುಣ್ಣವನ್ನು ತುಂಬಿ, ಬೇಕಾದ ರೂಪಕ್ಕೆ ತಂದು, ಆಮೇಲೆ ಹರಳಾಗಲು ಬಿಡುತ್ತದೆ. ಹಸಿ ಗಾರೆಯಲ್ಲಿ ಹೂವು ತಿದ್ದಿ ಒಣಗಲು ಬಿಡುವ ಕುಶಲಿಗನ ರೀತಿ.

ನಮ್ಮ ಮೂಳೆಯಲ್ಲಿ ಖನಿಜ ಬೇರೆ, ಕ್ಯಾಲ್ಸಿಯಂ ಫಾಸ್ಫೇಟ್. ಆದರೆ ನೀತಿ ಒಂದೇ. ಕೋಳಿಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿ ನೋಡಿ. ಖನಿಜ ಕರಗಿ, ಬಾಗಿಸಿದರೆ ಬಾಗುವ ಕೊಲಾಜನ್ ಹಂದರ ಕೈಯಲ್ಲಿ ಉಳಿಯುತ್ತದೆ. ಮೂಳೆಗೆ ಗಡಸು ಕೊಟ್ಟದ್ದು ಖನಿಜ. ಅದು ಎಲ್ಲಿ ಕೂರಬೇಕೆಂದು ಹೇಳಿದ್ದು ಹಂದರ. ಬಂಡೆಯಲ್ಲಿ ಇಲ್ಲದ್ದು ಈ ಹಂದರ, ಮತ್ತು 'ಇಲ್ಲಿ ಸಾಕು' ಎಂದು ಹರಳನ್ನು ತಡೆಯುವ ಅಧಿಕಾರ.

ಈ ಅಧಿಕಾರ ಪುಕ್ಕಟೆಯಲ್ಲ. ಸುಣ್ಣ ಹರಳಾಗುವಾಗ ಹುಟ್ಟುವ ಆಮ್ಲೀಯತೆಯನ್ನು ಪ್ರಾಣಿ ತನ್ನ ಶಕ್ತಿ ಸುರಿದು ಹೊರಹಾಕಬೇಕು. ನಾವು ಉಗುಳಿದ ಇಂಗಾಲದ ಡೈಆಕ್ಸೈಡ್‌ನ ಒಂದು ಭಾಗವನ್ನು ಹೀರಿದ ಕಡಲ ಮೇಲ್ಪದರದ ಪಿಎಚ್, ಕೈಗಾರಿಕಾ ಯುಗಕ್ಕೆ ಮೊದಲು ಸುಮಾರು 8.2 ಇದ್ದದ್ದು, ಈಗ 8.1ರ ಆಸುಪಾಸಿಗೆ ಇಳಿದಿದೆ. ಕಡಲೇನೂ ನಿಂಬೆರಸವಾಗುವುದಿಲ್ಲ, ಅದು ಇನ್ನೂ ಕ್ಷಾರೀಯವೇ. ಆದರೆ ಹೀಗೆ ಪಿಎಚ್ ಇಳಿದು ನೀರಿನಲ್ಲಿ ಕಾರ್ಬೊನೇಟ್ ಕಡಿಮೆಯಾದಷ್ಟೂ ಅದೇ ಚಿಪ್ಪಿಗೆ ಹೆಚ್ಚು ಕೂಲಿ ತೆರಬೇಕಾಗುತ್ತದೆ. ಅದು ಮೊದಲು ತಟ್ಟುವುದು ಇನ್ನೂ ಮೊದಲ ಚಿಪ್ಪು ಕಟ್ಟುತ್ತಿರುವ ಮರಿಗಳಿಗೆ.

ಚಿಪ್ಪಿನ ಮೇಲೆ ರಸ ಬಿದ್ದ ಜಾಗ ಈಗ ಮಂಕಾಗಿದೆ. ಸಭೆ ಮುಗಿದ ಮೇಲೆ ಬಂದು ಮುಟ್ಟಿ ನೋಡಬಹುದು.