ಬರಿ ಬುಟ್ಟಿ ಹಿಂದಕ್ಕೆ ಕಳಿಸಬಾರದು



ಕೂಡಲಸಂಗಮದ ಬಗ್ಗೆ ಉಪನ್ಯಾಸ ಅಂದರೆ ಬಸವಣ್ಣನವರ ಬಗ್ಗೆ, ಐಕ್ಯಮಂಟಪದ ಬಗ್ಗೆ, ಕೃಷ್ಣೆಗೆ ಮಲಪ್ರಭೆ ಬಂದು ಸೇರುವ ಜಾಗದ ಬಗ್ಗೆ ಮಾತಾಡುವುದು ವಾಡಿಕೆ. ಬಲ್ಲವರು ಬಹಳ ಚೆನ್ನಾಗಿ ಮಾತಾಡಿದ್ದಾರೆ. ನಾನು ಸಂಗಮನಾಥನ ಗುಡಿಯಿಂದ ಹೊರಗೆ ಬಂದು, ಹುನಗುಂದ, ಇಳಕಲ್ಲ, ಬಾದಾಮಿ ಸೀಮೆಯ ಓಣಿಗಳ ಬಗ್ಗೆ ಹೇಳಬೇಕೆಂದಿದ್ದೇನೆ. ಇಲ್ಲಿ ಅಕ್ಕಪಕ್ಕದ ಮನೆಯವರು ಒಬ್ಬರಿಗೊಬ್ಬರು ಹೇಗೆ ಒದಗುತ್ತಾರೆ, ಆ ಒದಗುವಿಕೆ ಯಾವುದರ ಮೇಲೆ ನಿಂತಿದೆ, ಊರೇ ಎದ್ದು ಬೇರೆ ಕಡೆ ಹೋದಾಗ ಅದಕ್ಕೆ ಏನಾಗುತ್ತದೆ ಎಂಬುದು ನನ್ನ ವಿಷಯ.

ರೊಟ್ಟಿ ಹಬ್ಬದಿಂದ ಶುರು ಮಾಡುತ್ತೇನೆ. ಶ್ರಾವಣದ ನಾಗರ ಪಂಚಮಿಯ ಮುಂಚೆ ಬರುವ ಹಬ್ಬ ಇದು. ರೊಟ್ಟಿ ಪಂಚಮಿ ಅಂತಲೂ ಅನ್ನುತ್ತಾರೆ. ಹಬ್ಬ ಇನ್ನೂ ದೂರ ಇರುವಾಗಲೇ ಮನೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಏಳುತ್ತದೆ. ಜೋಳದ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತೆಳ್ಳಗೆ ಬಡಿದು, ಒಣಗಿಸಿ, ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿ ಇಡುತ್ತಾರೆ. ಹಬ್ಬದ ದಿನ ಮಡಿಕಿಕಾಳು, ಹೆಸರುಕಾಳಿನ ಪಲ್ಯ, ಬದನೆಯ ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು. ಮನೆಯವರು ಉಣ್ಣುವ ಮೊದಲು ಬುಟ್ಟಿಗಳು ಹೊರಡುತ್ತವೆ. ನಾಲ್ಕೋ ಐದೋ ರೊಟ್ಟಿ, ಅದರ ಮೇಲೆ ಪಲ್ಯ, ಮೂಲೆಯಲ್ಲಿ ಹಿಂಡಿ, ಮೇಲೊಂದು ಬಟ್ಟೆ. ಹೊರುವವರು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳು. ಹಬ್ಬಕ್ಕೆ ತವರಿಗೆ ಬಂದ ಅಕ್ಕಂದಿರೂ ಅದೇ ನೆವದಲ್ಲಿ ಓಣಿಯ ಎಲ್ಲ ಮನೆ ಹೊಕ್ಕು ಮಾತಾಡಿಸಿ ಬರುತ್ತಾರೆ. "ಯಾವಾಗ ಬಂದಿ? ಸೊರಗಿಯಲ್ಲ? ಅಳಿಯಾ ಬಂದಾನೇನು?" ಅಂತ ಕೇಳುವ ಅಜ್ಜಿಗೆ ಹುಡುಗಿಯ ಮುಖ ನೋಡಿದರೆ ಗಂಡನ ಮನೆಯ ಅರ್ಧ ಸಂಗತಿ ತಿಳಿದುಬಿಡುತ್ತದೆ. ಮಗಳು ತಾಯಿಗೆ ಹೇಳದ್ದನ್ನು ಪಕ್ಕದ ಮನೆ ಕಾಕಿಗೆ ಹೇಳುವುದೂ ಉಂಟು.

ಇಲ್ಲೊಂದು ವಿಶೇಷವಿದೆ. ಎಲ್ಲರ ಮನೆಯಲ್ಲೂ ಅದೇ ರೊಟ್ಟಿ, ಅದೇ ಹಿಂಡಿ. ಆ ದಿನ ಯಾರಿಗೂ ಯಾರ ರೊಟ್ಟಿಯೂ ಬೇಕಾಗಿರುವುದಿಲ್ಲ. ಆದರೂ ಕೊಡುತ್ತಾರೆ, ತೊಗೊಳ್ಳುತ್ತಾರೆ. ಸಂಜೆ ಒಂದು ತಾಟಿನಲ್ಲಿ ಎಂಟು ಹತ್ತು ಮನೆಯ ರೊಟ್ಟಿ ಇರುತ್ತದೆ. "ಇದು ಮೂಲೆಮನಿಯವ್ರದು, ಅವ್ರ ಕೈ ಯಾವಾಗಲೂ ಖಾರ" ಎಂದು ಗುರುತು ಹಿಡಿದು ತಿನ್ನುತ್ತಾರೆ. ನನಗೆ ಇದರ ಒಳಗಿನ ಜಾಣತನ ಬಹಳ ದೊಡ್ಡದು ಅನಿಸುತ್ತದೆ. ಬೇಕಿಲ್ಲದ ದಿನ ಕೊಟ್ಟು ತೊಗೊಂಡು ರೂಢಿಯಾದವರಿಗೆ ಬೇಕಾದ ದಿನ ಕೇಳುವುದು ಕಷ್ಟವಾಗುವುದಿಲ್ಲ. ಆ ವರ್ಷ ಬೆಳೆ ಹೋದ ಮನೆಯೂ ಎರಡೇ ರೊಟ್ಟಿ, ಒಂದು ಚಮಚ ಹಿಂಡಿ ಕಳಿಸಿದರೆ ಸಾಕು, ಲೆಕ್ಕಕ್ಕೆ ಬರುತ್ತದೆ. ಅವರ ಮನೆಗೆ ಬಂದ ಬುಟ್ಟಿಗಳಿಂದ ನಾಲ್ಕು ದಿನದ ಊಟ ಆಗಿರುತ್ತದೆ. ಯಾರೂ ಅವರಿಗೆ ದಾನ ಕೊಟ್ಟಿಲ್ಲ. ಹಬ್ಬ ಮಾಡಿದ್ದಾರೆ ಅಷ್ಟೆ.

ಬುಟ್ಟಿಯ ಜೊತೆ ಒಂದು ಕಟ್ಟಳೆಯೂ ಇದೆ, ಅದು ವರ್ಷವಿಡೀ ನಡೆಯುವಂಥದ್ದು. ಕೊಟ್ಟವರ ಪಾತ್ರೆಯನ್ನು ಬರಿದು ಹಿಂದಕ್ಕೆ ಕಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ, ನಾಲ್ಕು ಹಸಿಮೆಣಸಿನಕಾಯಿ, ಹಿತ್ತಲದ ಕರಿಬೇವಿನ ಎಸಳು. ಕೈಗಡದ ಹಿಟ್ಟಿನದೂ ಇದೇ ರೀತಿ. ಒಂದು ಪಾವು ಜೋಳದ ಹಿಟ್ಟು ಒಯ್ದವರು ಬೀಸಿಕೊಂಡು ಬಂದ ದಿನ ಪಾವಿಗೆ ತುಸು ಮೇಲೆ ಗೋಪುರ ಬರುವಂತೆ ಅಳೆದು ಕೊಡುತ್ತಾರೆ. ಮದುವೆಯ ಆಯೇರಿಯನ್ನು ವಹಿಯಲ್ಲಿ ಬರೆದಿಡುತ್ತಾರೆ, ಯಾರು ಎಷ್ಟು ಮಾಡಿದರು, ಅವರ ಮನೆ ಮದುವೆಗೆ ನಾವೆಷ್ಟು ಮಾಡಬೇಕು ಅಂತ. ಆದರೆ ಹಿಟ್ಟಿನ ಲೆಕ್ಕ, ರೊಟ್ಟಿಯ ಲೆಕ್ಕ ಬರೆದಿಟ್ಟ ಮನೆಯನ್ನು ನಾನು ನೋಡಿಲ್ಲ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಅಲ್ಲಿ ಉಣ್ಣುವವರು ಎಷ್ಟು ಜನ, ಸಣ್ಣ ಮಕ್ಕಳು ಯಾರು, ಮುಪ್ಪಿನವರಿಗೆ ಮೆತ್ತನೆ ರೊಟ್ಟಿ ಬೇಕಲ್ಲ ಎಂಬುದೆಲ್ಲ ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. ಕೇಳದೆಯೇ ಬುತ್ತಿ ಬರುತ್ತದೆ.

ಬಸವಣ್ಣನವರ ಹೆಸರಿನ ನೆಲದಲ್ಲಿ ನಿಂತು ಇದನ್ನು ಹೇಳುವಾಗ ದಾಸೋಹದ ನೆನಪಾಗದೆ ಇರದು. ಕೊಡುವವನು ದೊಡ್ಡವನಾಗಬಾರದು, ತೊಗೊಳ್ಳುವವನು ಸಣ್ಣವನಾಗಬಾರದು ಎಂಬ ನಿಲುವು ಅದು. ಹನ್ನೆರಡನೆಯ ಶತಮಾನದ ಶರಣರು ಅದನ್ನು ತತ್ವವಾಗಿ ಹೇಳಿದರು. ಓಣಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೆಲ್ಲದ ಚೂರು ಹಾಕಿ ನಡೆಸಿಕೊಂಡು ಬಂದಿದ್ದಾರೆ. ಜನವರಿಯಲ್ಲಿ ಶರಣ ಮೇಳಕ್ಕೆ ನಾಡಿನ ಮೂಲೆ ಮೂಲೆಯಿಂದ ಬಂದವರು ಪಂಕ್ತಿಯಲ್ಲಿ ಕೂತು ಉಣ್ಣುವಾಗ ನನಗೆ ಎರಡೂ ಒಂದೇ ಕುಲದ್ದು ಅನಿಸುತ್ತದೆ.

ಆದರೆ ಶರಣರ ಹೆಸರು ತೆಗೆದ ಮೇಲೆ ಇನ್ನೊಂದು ಮಾತನ್ನು ನುಂಗಲಾಗದು. ಈ ಬುಟ್ಟಿ ಎಲ್ಲಿಯವರೆಗೆ ಹೋಗುತ್ತದೆ? ನಮ್ಮ ಬಹಳಷ್ಟು ಊರುಗಳಲ್ಲಿ ಅದು ದಲಿತರ ಕೇರಿಯ ಅಂಚಿಗೆ ನಿಲ್ಲುತ್ತಿತ್ತು. ಕೇರಿಯವರಿಗೆ ರೊಟ್ಟಿ ಕೊಡುತ್ತಿದ್ದರು, ಹಿತ್ತಲ ಬಾಗಿಲಲ್ಲಿ, ಮೇಲಿನಿಂದ. ಅವರ ಮನೆಯ ರೊಟ್ಟಿಯನ್ನು ತೊಗೊಳ್ಳುತ್ತಿರಲಿಲ್ಲ. ಕೊಡುವುದಷ್ಟೇ ಇದ್ದು ತೊಗೊಳ್ಳುವುದು ಇಲ್ಲದಿದ್ದಲ್ಲಿ ನೆರೆತನ ಇಲ್ಲ. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರ ಮನೆಗಳ ಬೀಗತನಕ್ಕಾಗಿ ಕಲ್ಯಾಣ ಹೊತ್ತಿ ಉರಿಯಿತು ಎಂಬುದನ್ನು ನಾವು ಪ್ರತಿ ಬಸವ ಜಯಂತಿಯಲ್ಲಿ ಹೇಳುತ್ತೇವೆ. ಎರಡು ಮನೆಯ ನಡುವೆ ಹೆಣ್ಣು ಹೋಗಿ ಬರಬೇಕೆಂದು ಅವರು ಪ್ರಾಣ ಕೊಟ್ಟರು. ಎಂಟುನೂರು ವರ್ಷ ದಾಟಿದ ಮೇಲೂ ಎರಡು ಮನೆಯ ನಡುವೆ ರೊಟ್ಟಿ ಹೋಗಿ ಬರುವುದು ಎಷ್ಟೋ ಕಡೆ ಸಾಧ್ಯವಾಗಿಲ್ಲ ಎಂಬುದು ನನಗೆ ನೋವಿನ ಸಂಗತಿ. ಕೆಲವು ಓಣಿಗಳಲ್ಲಿ ಈಗ ದಾಟುತ್ತಿದೆ. ಶಾಲೆಯಲ್ಲಿ ಒಟ್ಟಿಗೆ ಕೂತ ಹುಡುಗಿಯರು ದಾಟಿಸುತ್ತಿದ್ದಾರೆ. ಮೊಹರಮ್ಮಿನಲ್ಲಿ ಎಲ್ಲ ಜಾತಿಯವರೂ ಒಂದೇ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಸೀಮೆ ನಮ್ಮದು. ಕುಣಿತದಲ್ಲಿ ಆದದ್ದು ಅಡುಗೆಮನೆಯಲ್ಲೂ ಆಗಬೇಕು.

ಇಳಕಲ್ಲಿಗೆ ಬರೋಣ. ಇಳಕಲ್ಲ ಸೀರೆಯ ಹೆಸರು ಕೇಳದವರಿಲ್ಲ, ಆದರೆ ಅದರ ಸೆರಗನ್ನು ಒಡಲಿಗೆ ಹೇಗೆ ಕೂಡಿಸುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದವರು ಕಡಿಮೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನದು ಹತ್ತಿಯೋ ರೇಷ್ಮೆಯೋ ಇರಬಹುದು, ಸೆರಗಿನದು ಕೆಂಪು ರೇಷ್ಮೆ. ಒಂದು ಹಾಸಿನ ಎಳೆಯನ್ನು ಇನ್ನೊಂದು ಹಾಸಿನ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾ ಹೋಗಬೇಕು, ಸೀರೆಯ ಅಗಲದುದ್ದಕ್ಕೂ. ಒಂದು ಕೊಂಡಿ ತಪ್ಪಿದರೂ ಅಲ್ಲಿ ಗೆರೆ ಕಾಣುತ್ತದೆ. ಒಬ್ಬರ ಕೈಯಲ್ಲಿ ಸಾಗುವ ಕೆಲಸ ಅಲ್ಲ ಇದು. ಎಳೆ ಬಿಡಿಸಿ ಕೊಡುವವರು, ಬಿಗಿ ಹಿಡಿಯುವವರು, ಕೊಂಡಿ ಹಾಕುವವರು ಬೇಕು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಗಂಡಸು ನೇಯುತ್ತಿದ್ದರೆ, ಅದಕ್ಕೆ ಮುಂಚಿನ ನೂಲು ಸುತ್ತುವ, ಕಂಡಿಕೆ ತುಂಬುವ, ಹಾಸು ಸಿದ್ಧಮಾಡುವ ಕೆಲಸವೆಲ್ಲ ಹೆಂಡತಿ, ತಾಯಿ, ಮಗಳದ್ದು. ಮನೆಯಲ್ಲಿ ಕೈ ಸಾಲದಿದ್ದರೆ ಪಕ್ಕದ ಮನೆಯವರು ಬಂದು ಕೂರುತ್ತಾರೆ. ಇವತ್ತು ನಿಮ್ಮ ಹಾಸಿನ ಕೆಲಸಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು. ಹೊಲದಲ್ಲಿ ಇದೇ ಪದ್ಧತಿಗೆ ಮುಯ್ಯಾಳು ಅನ್ನುತ್ತೇವೆ. ಕೈಮಗ್ಗ ಕಡಿಮೆಯಾಗಿ ಪವರ್‌ಲೂಮ್ ಬಂದಿತು. ಅದರಿಂದ ಕೂಲಿ ಹೋಯಿತು, ಕಸುಬು ಹೋಯಿತು ಎಂದು ಬರೆಯುತ್ತಾರೆ, ಸರಿಯೇ. ಪಕ್ಕದ ಮನೆಗೆ ಹೋಗಿ ಅರ್ಧ ದಿನ ಕೂರಬೇಕಾದ ಕಾರಣವೂ ಹೋಯಿತು ಎಂಬುದನ್ನು ಅದರ ಜೊತೆಗೆ ಬರೆದುಕೊಳ್ಳಬೇಕು.

ಇಳಕಲ್ಲದ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳನ್ನು ನೆನೆಯದೆ ಇಲ್ಲಿಂದ ಮುಂದೆ ಹೋಗಲಾರೆ. ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ಕುಡಿತ, ನಿಮ್ಮ ತಂಬಾಕು ಇದರಲ್ಲಿ ಹಾಕಿರಿ ಎಂದು ಬೇಡಿದವರು ಅವರು. 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಕುಡಿದು ಬಂದ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು ಗೋಡೆಯಾಚೆ ಕೇಳುತ್ತಿರುತ್ತದೆ. "ಅವರ ಮನಿ ಮಾತು ನಮಗ್ಯಾಕ" ಎಂದು ದೀಪ ಆರಿಸಿ ಮಲಗುವ ಓಣಿ ಎಷ್ಟೇ ರೊಟ್ಟಿ ಹಂಚಿದರೂ ಅದರ ನೆರೆತನ ಅರ್ಧ. ಸ್ವಾಮಿಗಳು ಆ ಬಾಗಿಲನ್ನೇ ತಟ್ಟಿದರು. ಗಟ್ಟಿ ಮನಸ್ಸಿನ ಮುದುಕಿಯೊಬ್ಬಳು ಓಣಿಯಲ್ಲಿದ್ದರೆ ಅವಳೂ ತಟ್ಟುತ್ತಾಳೆ. ಅಂಥವಳಿಗೆ ಇಡೀ ಓಣಿ ಹೆದರುವುದನ್ನೂ, ಅವಳು ಹೋದಾಗ ಇಡೀ ಓಣಿ ಅಳುವುದನ್ನೂ ನಾವೆಲ್ಲ ಕಂಡಿದ್ದೇವೆ.

ಇನ್ನು ದುಡಿಯಲು ಹೋಗುವವರ ಮನೆಗಳು. ನಮ್ಮ ಒಣಬೇಸಾಯದ ಊರುಗಳಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಯ ಮಕ್ಕಳು. ಪೂರ್ತಿ ಬೀಗ ಹಾಕಿದ ಮನೆಯ ಕೀಲಿ ನೆರೆಮನೆಯಲ್ಲಿರುತ್ತದೆ. ಮುದುಕಪ್ಪನ ಗುಳಿಗೆ ತೀರಿದ್ದು ಮಗನಿಗೆ ಫೋನಿನಲ್ಲಿ ಗೊತ್ತಾಗುವ ಮೊದಲು ಪಕ್ಕದ ಮನೆಗೆ ಗೊತ್ತಾಗುತ್ತದೆ. ಬೆಳಿಗ್ಗೆ ಅವನು ಕಟ್ಟೆಗೆ ಬಂದು ಕೂರದಿದ್ದರೆ ಯಾರಾದರೂ ಬಾಗಿಲು ಬಡಿಯುತ್ತಾರೆ. ಇದೆಲ್ಲ ನಡೆಯುವುದು ಕಟ್ಟೆ ಕಾಣುವಷ್ಟು, ಕೆಮ್ಮು ಕೇಳುವಷ್ಟು ಹತ್ತಿರ ಮನೆಗಳಿರುವುದರಿಂದ. ಈ ಅಂತರದ ಮಾತನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ನಮ್ಮದು ನೀರಿನಿಂದ ಎದ್ದು ಹೋಗಬೇಕಾದವರ ಜಿಲ್ಲೆ. ನಾರಾಯಣಪುರದ ಹಿನ್ನೀರು ಸಂಗಮವನ್ನು ಮುಟ್ಟಿತು. ಐಕ್ಯಮಂಟಪಕ್ಕೆ ಇಂದು ನೀರಿನ ನಡುವಿನ ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿದು ಹೋಗುತ್ತೇವೆ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗಗಳು ಹೋದವು, ನವನಗರ ಎದ್ದಿತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ ಮಲಪ್ರಭೆ ದಂಡೆಯ ಊರುಗಳು ಮುಳುಗಿದಾಗ 'ಆಸರೆ' ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಮನೆ ಕಟ್ಟಿದರು. ನಾಡಿನ ಜನ ಧಾರಾಳವಾಗಿ ಕೊಟ್ಟ ದುಡ್ಡು ಅದರಲ್ಲಿತ್ತು. ಆದರೂ ಎಷ್ಟೋ ಮನೆಗಳು ಖಾಲಿ ಉಳಿದವು, ಜನ ಹಳೆಯ ಊರಿಗೇ ಮರಳಿದರು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಕೋಣೆ ಸಣ್ಣದು ಎಂದು ಕಾರಣ ಹೇಳಿದರು. ಅವೆಲ್ಲ ನಿಜ. ಅಲ್ಲಿಗೆ ಹೋದವರ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೆ ಇನ್ನೊಂದು ಕಾರಣ ಬರುತ್ತದೆ: "ಬಾಜೂ ಮನಿಯಾಗ ಯಾರದಾರ ಗೊತ್ತಿಲ್ರೀ." ಮನೆ ಹಂಚಿಕೆಯ ಪಟ್ಟಿಯಲ್ಲಿ ಕುಟುಂಬದ ಹೆಸರಿರುತ್ತದೆ, ನೆರೆಯ ಹೆಸರು ಇರುವುದಿಲ್ಲ.

2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಿತ್ತು. ಅದೇ ವಾರ ಮಲಪ್ರಭೆ ಮತ್ತೆ ಉಕ್ಕಿದಳು. ಐಹೊಳೆ, ಪಟ್ಟದಕಲ್ಲಿನ ಗುಡಿಗಳ ನಡುವೆ ನೀರು ನಿಂತಿತು, ಬಾದಾಮಿ, ಹುನಗುಂದ ತಾಲ್ಲೂಕಿನ ಹೊಳೆದಂಡೆಯ ಮನೆಗಳು ಕುಸಿದವು. ಪಂಚಮಿಗೆಂದು ಬಡಿದಿಟ್ಟ ರೊಟ್ಟಿ, ಕಟ್ಟಿದ ಉಂಡಿ ಇನ್ನೂ ಮನೆಗಳಲ್ಲಿದ್ದ ಹೊತ್ತು. ನೀರು ಮುಟ್ಟದ ಊರಿನವರು ಚೀಲಗಟ್ಟಲೆ ಖಡಕ್ ರೊಟ್ಟಿ, ಹಿಂಡಿ ಕಟ್ಟಿ ಕಳಿಸಿದರು. ಓಣಿಯಿಂದ ಓಣಿಗೆ ಹೋಗುವ ಬುಟ್ಟಿ ಟ್ರ್ಯಾಕ್ಟರ್ ಏರಿ ತಾಲ್ಲೂಕಿನಿಂದ ತಾಲ್ಲೂಕಿಗೆ ಹೋಯಿತು. ಒಣರೊಟ್ಟಿ ಕೆಡುವುದಿಲ್ಲ, ಒಲೆ ಬೇಡ, ನೀರಿದ್ದರೆ ನೆನೆಸಿಕೊಂಡೂ ತಿನ್ನಬಹುದು. ಅದನ್ನು ಯಾವ ಕಚೇರಿಯೂ ಯೋಜಿಸಿರಲಿಲ್ಲ.

ಈ ನೀರಿನ ಕಥೆ ಮುಗಿದಿಲ್ಲ. ಆಲಮಟ್ಟಿಯ ಎತ್ತರವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರ ಡಿಸೆಂಬರಿನಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿದೆ. ಅದು ಜಾರಿಯಾದ ದಿನ ಜಿಲ್ಲೆಯ ಇನ್ನೂ ಹಲವು ಊರುಗಳು ಏಳಬೇಕು. ಎಕರೆಗೆ ಎಷ್ಟು ಪರಿಹಾರ ಎಂಬ ಚರ್ಚೆ ಬಿಸಿಯಾಗಿ ನಡೆದಿದೆ, ನಡೆಯಬೇಕು. ಅದರ ಜೊತೆ ಇನ್ನೊಂದು ಬೇಡಿಕೆಯನ್ನು ನಾವು ಇಡಬೇಕು ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಪುನರ್ವಸತಿಯ ನಿವೇಶನ ಹಂಚುವಾಗ ಓಣಿಯನ್ನು ಓಣಿಯಾಗಿಯೇ ಒಯ್ಯಬೇಕು. ಎದುರು ಮನೆ ಎದುರಿಗೇ ಬರಲಿ, ಕೀಲಿ ಇಟ್ಟುಕೊಳ್ಳುವ ಮನೆ ಪಕ್ಕದಲ್ಲೇ ಇರಲಿ, ಕೂರಲು ಕಟ್ಟೆಗೆ ಜಾಗ ಬಿಡಲಿ. ಒಂದು ಗೆರೆಯನ್ನು ಮಾತ್ರ ಹಳೆಯ ನಕ್ಷೆಯಿಂದ ಹೊಸದಕ್ಕೆ ಎಳೆಯಬಾರದು, ಅದು ಕೇರಿಯ ಗೆರೆ. ಊರನ್ನು ಮೊದಲಿಂದ ಹಾಕುವ ಅವಕಾಶ ತಲೆಮಾರಿಗೊಮ್ಮೆಯೂ ಸಿಗುವುದಿಲ್ಲ. ಸಿಕ್ಕಾಗ ಕೇರಿಯ ಮನೆಗಳೂ ಉಳಿದ ಮನೆಗಳೂ ಗೋಡೆಗೆ ಗೋಡೆ ಹಚ್ಚಿ ಏಳಲಿ.

ಇದಕ್ಕೆ ಸರ್ಕಾರವನ್ನೇ ಕಾಯಬೇಕಿಲ್ಲ. ಮುಳುಗಡೆಯ ಪಟ್ಟಿಯಲ್ಲಿರುವ ಊರುಗಳಿಗೆ ನಮ್ಮ ತರುಣ ತರುಣಿಯರು ವಹಿ ಹಿಡಿದು ಹೋಗಲಿ. ಪ್ರತಿ ಮನೆಯ ಹಿರಿಯ ಹೆಣ್ಣುಮಗಳನ್ನು ಕೇಳಲಿ: ನಿಮ್ಮ ರೊಟ್ಟಿ ಯಾರ ಮನೆಗೆ ಹೋಗುತ್ತದೆ, ಯಾರ ಮನೆಯದು ನಿಮಗೆ ಬರುತ್ತದೆ, ಹೊಸ ಊರಿನಲ್ಲಿ ನಿಮ್ಮ ಬಾಗಿಲ ಪಕ್ಕ ಯಾರ ಬಾಗಿಲು ಬೇಕು? ಬರೆದುಕೊಂಡು ಬಂದ ಆ ವಹಿಗಳ ಒಂದು ಪ್ರತಿಯನ್ನು ನಿವೇಶನ ಹಂಚಿಕೆ ಆರಂಭವಾಗುವ ಮೊದಲೇ ಪುನರ್ವಸತಿ ಅಧಿಕಾರಿಗಳ ಮೇಜಿನ ಮೇಲೆ ಇಟ್ಟು, ಸ್ವೀಕೃತಿ ತೆಗೆದುಕೊಂಡು ಬರೋಣ.