ಕತ್ತರಿ ಹೇಳುವ ಕಥೆ

(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಸಿನಿಮಾ ಎಂದೊಡನೆ ನಟನಟಿಯರ ಹೆಸರು ಹೇಳುತ್ತೇವೆ, ಹಾಡು ಗುನುಗುತ್ತೇವೆ. ಕೋಣೆಯೊಳಗೆ ಕತ್ತರಿ ಹಿಡಿದು ಕುಳಿತ ಸಂಕಲನಕಾರನ ನೆನಪು ಯಾರಿಗೂ ಬರುವುದಿಲ್ಲ. ಈ ಸಂಜೆ ಅವನ ಕಸುಬಿನ ವಿಚಾರವಾಗಿ ನಾಲ್ಕು ಮಾತು.

1895ರ ಡಿಸೆಂಬರ್ 28ರಂದು ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಟಿಕೆಟ್ಟಿಟ್ಟು ಚಿತ್ರಗಳನ್ನು ತೋರಿಸಿದರು. ಅವುಗಳಲ್ಲೊಂದು, ಲಿಯಾನಿನ ಅವರದೇ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ದೃಶ್ಯ. ಗೇಟು ತೆರೆಯಿತು, ಜನ ಬಂದರು, ಒಂದು ನಿಮಿಷದೊಳಗೆ ಮುಗಿಯಿತು. ಕತ್ತರಿ ಎಲ್ಲಿಯೂ ಬಿದ್ದಿರಲಿಲ್ಲ. ಆ ಜನಕ್ಕೆ ಕೂಲಿ ಎಷ್ಟಿತ್ತು, ಹೊಟ್ಟೆ ತುಂಬಿತ್ತೇ ಎಂಬುದನ್ನು ಆ ಚಿತ್ರ ಹೇಳಲಿಲ್ಲ.

ಆಮೇಲೆ ತುಂಡಿಗೆ ತುಂಡು ಕೂಡಿಸುವುದನ್ನು ಕಲಿತರು. ಮಾತಿನ ಚಿತ್ರ ಬಂದ ಮೇಲೆ ಫಿಲ್ಮು ಸೆಕೆಂಡಿಗೆ 24 ಚಿತ್ರದಂತೆ, ನಿಮಿಷಕ್ಕೆ 90 ಅಡಿ ಓಡುತ್ತಿತ್ತು. ಬೇಡದ್ದನ್ನು ಕತ್ತರಿಸಿ ಬೇಕಾದ ತುದಿಗಳನ್ನು ಅಂಟಿಸುತ್ತಿದ್ದರು. ಮಿಲ್ಲಿನಲ್ಲಿ ಹರಿದ ಎಳೆ ಕೂಡಿಸುವ ನಿಮಗೆ ಇದು ಹೊಸದಲ್ಲ. ಕೂಡಿಸಿದ ಜಾಗ ಕಾಣಬಾರದು, ಅಷ್ಟೇ. ಒಬ್ಬನು ಬಾಗಿಲು ತಳ್ಳುವುದು ಒಂದು ಊರಿನಲ್ಲಿ ತೆಗೆದದ್ದು, ಒಳಗೆ ಕಾಲಿಡುವುದು ಇನ್ನೊಂದು ಊರಿನಲ್ಲಿ. ಅವನು ಚಲಿಸುತ್ತಿರುವಾಗಲೇ ಕತ್ತರಿಸಿ ಕೂಡಿಸಿದರೆ ನಮ್ಮ ಕಣ್ಣಿಗೆ ಎರಡೂ ಒಂದೇ ಮನೆ. ಈಗ ಈ ಕೆಲಸ ಕಂಪ್ಯೂಟರಿನಲ್ಲಿ ನಡೆಯುತ್ತದೆ, ರೀತಿ ಅದೇ.

1920ರ ಸುಮಾರಿಗೆ ರಷ್ಯದ ಕುಲೆಶೋವ್ ಒಂದು ಪ್ರಯೋಗ ಮಾಡಿದ. ಒಬ್ಬ ನಟನ ಭಾವವಿಲ್ಲದ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ, ಒಮ್ಮೆ ಆಡುವ ಮಗುವಿನೊಡನೆ ಜೋಡಿಸಿದ. ನೋಡಿದವರು ಹಸಿವನ್ನು ಕಂಡರು, ದುಃಖವನ್ನು ಕಂಡರು, ಸಂತೋಷವನ್ನು ಕಂಡರು. ಮುಖ ಮಾತ್ರ ಒಂದೇ! ಅರ್ಥ ಹುಟ್ಟಿದ್ದು ಜೋಡಣೆಯಲ್ಲಿ.

ಇದಕ್ಕೂ ಮೊದಲೇ, 1909ರಲ್ಲಿ, ಅಮೆರಿಕದ ಗ್ರಿಫಿತ್ ‘ಎ ಕಾರ್ನರ್ ಇನ್ ವೀಟ್’ ಎಂಬ ಮೂಕಿಚಿತ್ರ ತೆಗೆದಿದ್ದ. ಸಟ್ಟಾ ವ್ಯಾಪಾರಿಯೊಬ್ಬ ಗೋಧಿಯನ್ನೆಲ್ಲ ತನ್ನ ಹಿಡಿತಕ್ಕೆ ತೆಗೆದುಕೊಂಡು ಔತಣ ನಡೆಸುತ್ತಾನೆ. ಥಟ್ಟನೆ ಚಿತ್ರ ಬ್ರೆಡ್ಡಿನ ಅಂಗಡಿಗೆ ಹೊರಳುತ್ತದೆ: ಐದು ಸೆಂಟಿನ ಬ್ರೆಡ್ಡಿಗೆ ಹತ್ತು ಸೆಂಟು, ಬಡವರು ಕಲ್ಲಾಗಿ ನಿಂತಿದ್ದಾರೆ. ಮತ್ತೆ ಔತಣ. ಎರಡು ಕಡೆ ನಡೆಯುವುದನ್ನು ಹೀಗೆ ಹೆಣೆಯುವುದಕ್ಕೆ ಸಮಾಂತರ ಸಂಕಲನ ಎನ್ನುತ್ತಾರೆ. ಅಂಗಡಿಯ ವರ್ತಕರೇ, ಗಿರಾಕಿ ಬೈಯುವುದು ನಿಮ್ಮನ್ನು. ಬೆಲೆ ಏರಿಸಿದವನು ನಿಮ್ಮ ಅಂಗಡಿಗೆ ಎಂದೂ ಬಂದವನಲ್ಲ. ಕತ್ತರಿ ಅವನನ್ನು ಎಳೆದುತಂದು ಪಕ್ಕದಲ್ಲಿ ನಿಲ್ಲಿಸಿತು.

ಆದರೆ ಅದೇ ಕತ್ತರಿ ಎದುರು ಪಕ್ಷದ ಕೈಯಲ್ಲೂ ಇದೆ. ಮುಷ್ಕರದ ದಿನ ಎರಡು ತುಂಡು ಚಿತ್ರ ತೆಗೆದಿದ್ದಾರೆ ಎನ್ನಿ. ಒಂದರಲ್ಲಿ ಪೊಲೀಸರು ಲಾಠಿ ಬೀಸುತ್ತಾರೆ, ಇನ್ನೊಂದರಲ್ಲಿ ಹುಡುಗನೊಬ್ಬ ಕಲ್ಲು ಎತ್ತುತ್ತಾನೆ. ಲಾಠಿ ಮೊದಲು ಬಂದರೆ ಹುಡುಗ ನೊಂದವನು. ಕಲ್ಲು ಮೊದಲು ಬಂದರೆ ಅವನೇ ಪುಂಡ. ಯಾವ ತುಂಡೂ ಸುಳ್ಳಲ್ಲ, ಆದರೂ ಜೋಡಣೆ ಸುಳ್ಳಾಗಬಹುದು. ಹಿಂದೆ ಇದು ಥಿಯೇಟರಿನ ವಾರ್ತಾಚಿತ್ರದ ಮಾತಾಗಿತ್ತು. ಇಂದು ಪ್ರತಿಯೊಬ್ಬರ ಮೊಬೈಲಿನ ಮಾತು.

ಆದ್ದರಿಂದ ಚಿತ್ರ ನೋಡಿ, ಸಂತೋಷಪಡಿ. ಆದರೆ ಸಿಟ್ಟು ನೆತ್ತಿಗೇರಿದಾಗ ಒಂದು ಗಳಿಗೆ ತಡೆದು ಕೇಳಿ: ಇದಕ್ಕೆ ಮುಂಚೆ ಏನು ನಡೆದಿತ್ತು? ಕತ್ತರಿಸಿ ಬಿಸಾಡಿದ್ದು ಯಾವುದು? ನಮ್ಮ ಸಂಘದವರು ತೆಗೆದ ಚಿತ್ರಕ್ಕೂ ಇದೇ ಪ್ರಶ್ನೆ ಹಾಕಿ.